ಮನೆಯವರಿಗೂ ಥ್ಯಾಂಕ್ಸ್ ಹೇಳಬೇಕಾ?

ಮೈಸೂರು ಸೊಸೆ: ಅತ್ತೆ ಕಾಫಿ ಲೋಟ ಕೈಗಿಟ್ಟರೆ "ಥ್ಯಾಂಕ್ಸ್ ಅತ್ತೆ" ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. "ನಾನೇನು ಹೊರಗಿನವಳಾ?" ಅನ್ನುತ್ತಾರೆ. ಇದು ನಮ್ಮಲ್ಲಿ ಮಾತ್ರವಾ?

ಮಾತುಗಾರ: ಖಂಡಿತ ಅಲ್ಲ. 2018ರ ಒಂದು ಅಧ್ಯಯನ ಎಂಟು ಭಾಷೆಗಳ ದಿನನಿತ್ಯದ ಮಾತುಕತೆಯನ್ನು ರೆಕಾರ್ಡ್ ಮಾಡಿ ನೋಡಿತ್ತು. ಉಪ್ಪು ಕೊಡು, ಇದನ್ನು ಹಿಡ್ಕೋ ಅಂತ ಕೇಳಿ ಮಾಡಿಸಿಕೊಂಡ ಸಣ್ಣ ಕೆಲಸಗಳು. ಇಂಗ್ಲಿಷಿನವರೂ ಹೆಚ್ಚುಕಮ್ಮಿ ಏಳಕ್ಕೆ ಒಂದು ಸಲ ಮಾತ್ರ ಥ್ಯಾಂಕ್ಸ್ ಹೇಳಿದ್ದರು! ಈಕ್ವೆಡಾರ್‌ನ ಚಾಪಲಾ ಭಾಷೆಯವರು ಒಮ್ಮೆಯೂ ಹೇಳಿರಲಿಲ್ಲ. ಹತ್ತಿರದವರು ಕೇಳಿದ್ದನ್ನು ಮಾಡಿಕೊಡುವುದು ಸಹಜ ಅಂತ ಎಲ್ಲ ಕಡೆ ಜನ ನಂಬಿದ್ದಾರೆ. ನಿಮ್ಮ ಅತ್ತೆ ಹೇಳುವುದೂ ಅದನ್ನೇ, ಅಲ್ವಾ?

ಹಾಸನದ ಹುಡುಗಿ: "ಕಾಫಿ ಚೆನ್ನಾಗಿದೆ ಅತ್ತೆ" ಅನ್ನಿ. ನಮ್ಮಮ್ಮನಿಗೆ ಅಷ್ಟಂದರೆ ಇನ್ನರ್ಧ ಲೋಟ ಬಗ್ಗಿಸುತ್ತಾರೆ.