ಸಿಬಿನ್ಯಾಟ್ (ಟಿಬಿ ರೋಗಾಣು ಹುಡುಕೋ ಪರೀಕ್ಷೆ) ನೆಗೆಟಿವ್, ಆದರೂ ಮೆದುಳಿನ ಟಿಬಿ ಅಂತಾರೆ. ಮಾತ್ರೆ ಶುರು ಮಾಡಬಹುದಾ?

ಪ್ರಶ್ನೆ (ಗಂಗಾವತಿಯಿಂದ):
ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 26 ವರ್ಷ. 18 ದಿನದಿಂದ ಸಣ್ಣ ಜ್ವರ, ತಲೆನೋವು. ಟೈಫಾಯ್ಡ್ ಅಂತ ಒಂದು ವಾರ ಇಂಜೆಕ್ಷನ್ ಹಾಕಿಸಿದೆವು, ಕಡಿಮೆ ಆಗಲಿಲ್ಲ. ಈಗ ವಾಂತಿ. ಎದುರಿಗಿರೋದು ಎರಡೆರಡು ಕಾಣುತ್ತದೆ ಅಂತಾನೆ. ಬೆನ್ನಿನ ನೀರು (ಮೆದುಳು, ಬೆನ್ನುಹುರಿಯ ಸುತ್ತ ಇರೋ ದ್ರವ) ತೆಗೆದರು. ಕಣ 220, ಅದರಲ್ಲಿ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಶೇ 80. ಪ್ರೋಟೀನ್ 210, ಸಕ್ಕರೆ 28. ಅದೇ ಹೊತ್ತಿನ ರಕ್ತದ ಸಕ್ಕರೆ 110. ಸಿಬಿನ್ಯಾಟ್ ನೆಗೆಟಿವ್. ಅವನಿಗೆ ಕೆಮ್ಮೂ ಇಲ್ಲ. ಸುಮ್ನೆ ಒಂದು ವರ್ಷ ಟಿಬಿ ಮಾತ್ರೆ ನುಂಗಿಸೋದಾ?

ಉತ್ತರ (ಬಳ್ಳಾರಿಯ ವೈದ್ಯರು):
ತಡೆಯಬೇಡಿ ತಾಯಿ, ಇವತ್ತೇ ಶುರು ಮಾಡಲಿ.

ನಾನು ಮೊದಲು ನೋಡೋದು ದಿನದ ಲೆಕ್ಕ. ಬೇರೆ ಬ್ಯಾಕ್ಟೀರಿಯಾದ ಮೆದುಳು ಜ್ವರ ಒಂದೆರಡು ದಿನದಲ್ಲೇ ಮನುಷ್ಯನನ್ನು ಮಲಗಿಸುತ್ತದೆ. ವೈರಸ್‌ನದು ಹೆಚ್ಚಾಗಿ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಟಿಬಿ ಮೆಲ್ಲಗೆ ಬರುತ್ತದೆ. ಊಟ ಸೇರೋದಿಲ್ಲ, ಸಿಡುಕು, ಸಣ್ಣ ಜ್ವರ. ಹೀಗಾಗಿಯೇ ಎಷ್ಟೋ ಮನೆಗಳಲ್ಲಿ ಟೈಫಾಯ್ಡ್ ಅಂತ ವಾರಗಟ್ಟಲೆ ಕಳೆದುಹೋಗುತ್ತದೆ. ನನಗೆ ತುಂಬಾ ಸಂಕಟ ಆಗೋದು ಇಲ್ಲೇ. ಎರಡೆರಡು ಕಾಣೋದು ಕಣ್ಣು ಹೊರಳಿಸುವ ನರಕ್ಕೆ ಪೆಟ್ಟು ಬಿದ್ದ ಗುರುತು. ಟಿಬಿಯಲ್ಲಿ ಮೆದುಳಿನ ಬುಡದಲ್ಲೇ ಬಾವು ಜಾಸ್ತಿ.

ಇನ್ನು ಸಕ್ಕರೆ. ಬೆನ್ನಿನ ನೀರಿನಲ್ಲಿ ರಕ್ತದ ಸಕ್ಕರೆಯ ಸುಮಾರು ಮೂರನೇ ಎರಡು ಪಾಲು ಇರಬೇಕು. ಇವನಿಗೆ 70ರ ಹತ್ತಿರ ಇರಬೇಕಿತ್ತು, 28 ಇದೆ. ವೈರಸ್ ಆಗಿದ್ದರೆ ಸಾಮಾನ್ಯವಾಗಿ ಇಷ್ಟು ಇಳಿಯೋದಿಲ್ಲ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಹೆಚ್ಚಾಗಿ ನೀರು ಕದಡಿರುತ್ತದೆ, ಕಣ ಸಾವಿರ ದಾಟುತ್ತದೆ, ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ಕಣ ಜಾಸ್ತಿ ಇರುತ್ತದೆ. ಆದರೆ ವಾರದ ಇಂಜೆಕ್ಷನ್ ಆಗಿದೆಯಲ್ಲ, ಅರ್ಧ ವಾಸಿಯಾದ ಬ್ಯಾಕ್ಟೀರಿಯಾ ಜ್ವರವೂ ಹೀಗೆ ಕಾಣಬಹುದು. ಅದಕ್ಕೇ ಮೊದಮೊದಲು ಆ್ಯಂಟಿಬಯಾಟಿಕ್ ಕೂಡ ಜೊತೆಗೆ ಕೊಟ್ಟರೆ ಗಾಬರಿ ಬೇಡ. ಎಚ್‌ಐವಿ ಮತ್ತು ಕ್ರಿಪ್ಟೋಕಾಕಸ್ ಪರೀಕ್ಷೆ ಆಗಿದೆಯಾ ಕೇಳಿ. ಆ ಫಂಗಸ್ಸೂ ಇದೇ ಥರ ರಿಪೋರ್ಟ್ ಕೊಡುತ್ತದೆ.

ಬೆನ್ನಿನ ನೀರಿನಲ್ಲಿ ಟಿಬಿ ರೋಗಾಣು ಬಹಳ ಕಡಿಮೆ. ಸಿಬಿನ್ಯಾಟ್ ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥ ಅಲ್ಲ. ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡೋ ಪರೀಕ್ಷೆ) ವಾರಗಳು ಬೇಕು, ಅಷ್ಟು ಕಾಯೋ ಕಾಯಿಲೆ ಇದಲ್ಲ. ಕೆಮ್ಮು ಇರಲೇಬೇಕು ಅಂತಲೂ ಇಲ್ಲ.

ಪ್ರಶ್ನೆ (ಸಿಂಧನೂರಿನಿಂದ):
ಸರ್, ನಮ್ಮ ಕಡೆ ಭತ್ತದ ಗದ್ದೆ ಜಾಸ್ತಿ. ಸೊಳ್ಳೆಯಿಂದ ಬರೋ ಜಪಾನೀಸ್ ಮೆದುಳು ಜ್ವರ ಇರಬಹುದು ಅಲ್ವಾ?

ಉತ್ತರ:
ಒಳ್ಳೆ ಪ್ರಶ್ನೆ ಅಣ್ಣಾ. ಅದು ಹೆಚ್ಚಾಗಿ ಮಕ್ಕಳಿಗೆ. ಜೋರು ಜ್ವರ, ಫಿಟ್ಸ್, ಎರಡು ಮೂರು ದಿನದಲ್ಲೇ ಎಚ್ಚರ ತಪ್ಪೋದು. ಅದರಲ್ಲಿ ಬೆನ್ನಿನ ನೀರಿನ ಸಕ್ಕರೆ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ.

ಪ್ರಶ್ನೆ (ಗಂಗಾವತಿಯಿಂದ):
ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಡಾಕ್ಟ್ರೇ. ಅಂಟುತ್ತದಾ?

ಉತ್ತರ:
ಮೆದುಳಿನ ಟಿಬಿ ಅಂಟೋದಿಲ್ಲ. ಆದರೆ ಎದೆ ಎಕ್ಸ್‌ರೇ ಮಾಡಿಸಿ. ಶ್ವಾಸಕೋಶದಲ್ಲೂ ಇದ್ದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜೊತೆಗೆ ಬಾವು ಇಳಿಸೋಕೆ ಕೊಡೋ ಸ್ಟೀರಾಯ್ಡ್ ನೀವಾಗಿಯೇ ನಿಲ್ಲಿಸಬೇಡಿ. ಕರೆದರೆ ಓಗೊಡದಷ್ಟು ಮಂಪರು ಬಂದರೆ ತಲೆಯಲ್ಲಿ ನೀರು ತುಂಬುತ್ತಿರಬಹುದು. ರಾತ್ರಿ ಎಷ್ಟೇ ಹೊತ್ತಾಗಿರಲಿ, ತಕ್ಷಣ ಡ್ಯೂಟಿ ಡಾಕ್ಟರನ್ನು ಕರೆಯಿರಿ. ಸಿಟಿ ಸ್ಕ್ಯಾನ್ ಆದಮೇಲೆ ರಿಪೋರ್ಟ್ ಇಲ್ಲೇ ಹಾಕಿ ತಾಯಿ, ನೋಡುತ್ತೇನೆ.