ಆರ್ ಪ್ರೋಗ್ರಾಮಿಂಗ್ ಭಾಷೇಲಿ ಶೇಪ್‌ಫೈಲ್ (ಮ್ಯಾಪ್ ಡೇಟಾ) ಓಪನ್ ಆಗ್ತಿಲ್ಲ, ಗೊತ್ತಿರೋರು ಹೇಳಿ

ಪ್ರಶ್ನೆ: ಎಲ್ರಿಗೂ ನಮಸ್ಕಾರ, ಮ್ಯಾಪ್ ಡೇಟಾ ಜೊತೆ ಕೆಲಸ ಮಾಡೋರು ಇದ್ರೆ ಸ್ವಲ್ಪ ಸಹಾಯ ಮಾಡಿ. ಪ್ರಾಜೆಕ್ಟ್‌ಗೆ ಜಿಲ್ಲೆಗಳ ಗಡಿ ಬೇಕಿತ್ತು, ಗೆಳೆಯ ಒಂದು ಡಾಟ್ ಎಸ್‌ಎಚ್‌ಪಿ ಫೈಲ್ ಮೇಲ್ ಮಾಡಿದ. ಹಳೇ ಪಾಠ ನೋಡ್ಕೊಂಡು ಮ್ಯಾಪ್‌ಟೂಲ್ಸ್ ಅನ್ನೋ ಆರ್ ಪ್ಯಾಕೇಜ್ ಹಾಕೋಕೆ ಹೋದ್ರೆ ಪ್ಯಾಕೇಜೇ ಇಲ್ಲ ಅನ್ನತ್ತೆ, ಆರ್‌ಜಿಡಾಲ್ ಕೂಡ ಅಷ್ಟೇ. ಆಮೇಲೆ ಎಸ್‌ಎಫ್ ಅನ್ನೋ ಪ್ಯಾಕೇಜ್ ಹಾಕ್ದೆ, ಫೈಲ್ ಓದೋಕೆ ಅದ್ರ ಎಸ್‌ಟಿ_ರೀಡ್ ಕೊಟ್ರೆ ಎಸ್‌ಎಚ್‌ಎಕ್ಸ್ ಫೈಲ್ ತೆರೆಯೋಕಾಗ್ತಿಲ್ಲ ಅಂತ ಎರರ್. ನನ್ನ ಹತ್ರ ಅಂಥ ಫೈಲೇ ಇಲ್ವಲ್ಲ! ಎರಡು ದಿನದಿಂದ ಇಲ್ಲೇ ನಿಂತಿದೀನಿ.

ಉತ್ತರ: ನಾನು ದಿನಾ ಮಾಡೋದು ಇದೇ ಕೆಲಸ, ಈ ಎರರ್ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಮೊದಲು ಪ್ಯಾಕೇಜ್ ವಿಷ್ಯ: ಮ್ಯಾಪ್‌ಟೂಲ್ಸ್, ಆರ್‌ಜಿಡಾಲ್, ಆರ್‌ಜಿಯೋಸ್ ಮೂರನ್ನೂ 2023ರ ಅಕ್ಟೋಬರ್‌ನಲ್ಲಿ ಆರ್ ಪ್ಯಾಕೇಜ್‌ಗಳು ಸಿಗೋ ಕ್ರ್ಯಾನ್‌ನಿಂದ ತೆಗೆದ್ರು, ಹಾಗಾಗಿ ಆ ಹಳೇ ಪಾಠ ಬಿಟ್ಬಿಡಿ, ಎಸ್‌ಎಫ್ ಹಾಕಿದ್ದು ಸರಿಯಾಗೇ ಇದೆ.

ಈಗ ಅಸಲಿ ವಿಷ್ಯ. ಶೇಪ್‌ಫೈಲ್ ಅಂತ ಹೆಸರಿದ್ರೂ ಅದು ಒಂದು ಫೈಲ್ ಅಲ್ಲ, ಒಂದು ಗುಂಪು. ಎಸ್‌ಎಚ್‌ಪಿಲಿ ಆಕಾರ ಇರತ್ತೆ, ಯಾವ ಆಕಾರ ಎಲ್ಲಿ ಶುರು ಆಗತ್ತೆ ಅನ್ನೋ ಸೂಚಿ ಎಸ್‌ಎಚ್‌ಎಕ್ಸ್‌ನಲ್ಲಿ, ಹೆಸರು ಕೋಡು ಇರೋ ಟೇಬಲ್ಲು ಡಿಬಿಎಫ್‌ನಲ್ಲಿ. ಈ ಮೂರು ಬೇಕೇ ಬೇಕು, ಜೊತೆಗೆ ಪಿಆರ್‌ಜೆ ಇದ್ರೆ ಅಳತೆ ಯಾವ ಪದ್ಧತೀದು ಅಂತ ಗೊತ್ತಾಗತ್ತೆ. ಎಸ್‌ಎಚ್‌ಎಕ್ಸ್ ಒಂದೇ ಕಳ್ಕೊಂಡಿದ್ರೆ ಸಿಸ್.ಸೆಟ್‌ಎನ್ವ್‌ನಲ್ಲಿ ಶೇಪ್_ರಿಸ್ಟೋರ್_ಎಸ್‌ಎಚ್‌ಎಕ್ಸ್‌ಗೆ ಯೆಸ್ ಅಂತ ಕೊಟ್ಟು ಮತ್ತೆ ಹುಟ್ಟಿಸ್ಬಹುದು, ಆದ್ರೆ ಡಿಬಿಎಫ್ ಇಲ್ದೆ ಬರೀ ಗೆರೆಗಳು ಬರತ್ವೆ, ಯಾವ್ದು ಯಾವ ಜಿಲ್ಲೆ ಅಂತ ಗೊತ್ತಾಗಲ್ಲ. ಗೆಳೆಯನಿಗೆ ಫೋಲ್ಡರ್ ಪೂರ್ತಿ ಜಿಪ್ ಮಾಡಿ ಕಳ್ಸೋಕೆ ಹೇಳಿ.

ಇನ್ನೊಂದು ಮಾತು, ದಯವಿಟ್ಟು ಇದನ್ನ ಮರೀಬೇಡಿ. ಆಕಾರಕ್ಕೂ ಟೇಬಲ್ಲಿಗೂ ಇರೋ ನಂಟು ಬರೀ ಸಾಲಿನ ಕ್ರಮ, ಮೊದಲನೇ ಸಾಲು ಮೊದಲನೇ ಆಕಾರಕ್ಕೆ. ಡಿಬಿಎಫ್‌ನ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆಗೆದು ಹೆಸರಿನ ಪ್ರಕಾರ ಸಾರ್ಟ್ ಮಾಡಿ ಸೇವ್ ಮಾಡಿದ್ರೆ ಮುಗೀತು, ಯಾವ ಎರರೂ ಬರಲ್ಲ, ಮ್ಯಾಪ್ ಚೆನ್ನಾಗೇ ಕಾಣತ್ತೆ, ಆದ್ರೆ ಒಂದು ಜಿಲ್ಲೆ ಹೆಸರು ಇನ್ನೊಂದರ ಗಡಿಗೆ ಅಂಟ್ಕೊಂಡಿರತ್ತೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ, ಜಿಪ್ ಬಂತು, ಓಪನ್ ಆಯ್ತು! ಆದ್ರೆ ಪ್ಲಾಟ್ ಅಂದ್ರೆ ಒಂದೇ ಸಲ 9 ಮ್ಯಾಪ್ ಬರ್ತಿದೆ. ಮತ್ತೆ ನನ್ನ ಹತ್ರ ಇರೋ ಅಕ್ಷಾಂಶ ರೇಖಾಂಶದ ಚುಕ್ಕಿಗಳು ಅದ್ರ ಮೇಲೆ ಕೂರ್ತಿಲ್ಲ. ಯಾರೋ 4326 (ಡಿಗ್ರಿ ಪದ್ಧತಿಯ ಕೋಡ್) ಕೊಡು ಅಂದ್ರು, ಅಳತೆ ಪದ್ಧತಿ ಹೇಳೋ ಎಸ್‌ಟಿ_ಸಿಆರ್‌ಎಸ್‌ಗೆ ಅದನ್ನೇ ಕೊಟ್ಟೆ, ಒಂದು ವಾರ್ನಿಂಗ್ ಬಂತು, ಆದ್ರೂ ಕೂರ್ಲಿಲ್ಲ.

ಉತ್ತರ: 9 ಮ್ಯಾಪ್ ತಪ್ಪಲ್ಲ, ಕಾಲಂಗೆ ಒಂದರಂತೆ ಬರತ್ತೆ, ಗಡಿ ಮಾತ್ರ ಬೇಕಂದ್ರೆ ಎಸ್‌ಟಿ_ಜಿಯೋಮೆಟ್ರಿ ಒಳಗೆ ಹಾಕಿ ಪ್ಲಾಟ್ ಮಾಡಿ. ಎರಡನೇದು ಮುಖ್ಯ. ಮ್ಯಾಪ್‌ನ ಅಂಚುಗಳ ಅಳತೆ ತೋರ್ಸೋ ಎಸ್‌ಟಿ_ಬಿಬಾಕ್ಸ್ ಕೊಟ್ಟು ಏನು ಬರತ್ತೆ ಹೇಳಿ.

ಪ್ರಶ್ನೆ: ಎಕ್ಸ್ 6 ಲಕ್ಷದ ಮೇಲೆ, ವೈ 14 ಲಕ್ಷದ ಮೇಲೆ ಇದೆ.

ಉತ್ತರ: ನೋಡಿ, ರೇಖಾಂಶ 180 ದಾಟಲ್ಲ, ಅಕ್ಷಾಂಶ 90 ದಾಟಲ್ಲ, ಅಂದ್ಮೇಲೆ ಇವು ಡಿಗ್ರಿ ಅಲ್ಲ, ಮೀಟರ್ ಇರ್ಬೇಕು. ನೀವು ಮಾಡಿದ್ದು ಮೀಟರ್ ಲೆಕ್ಕದ ಮೇಲೆ ಡಿಗ್ರಿ ಅಂತ ಚೀಟಿ ಅಂಟಿಸಿದ ಹಾಗಾಯ್ತು. ಆ ವಾರ್ನಿಂಗ್ ಹೇಳಿದ್ದೂ ಅದನ್ನೇ, ಹೆಸರು ಬದಲಾಯ್ತು, ಡೇಟಾ ಬದಲಾಗಿಲ್ಲ ಅಂತ. ಫೈಲ್ ಮತ್ತೆ ಹೊಸದಾಗಿ ಓದಿ, ಪಿಆರ್‌ಜೆ ಇದ್ರೆ ಅದ್ರ ನಿಜವಾದ ಪದ್ಧತಿ ತಾನೇ ಬರತ್ತೆ, ಆಮೇಲೆ ಎಸ್‌ಟಿ_ಟ್ರಾನ್ಸ್‌ಫಾರ್ಮ್‌ನಲ್ಲಿ 4326 ಕೊಡಿ, ಲೆಕ್ಕ ಹಾಕಿ ಬದಲಾಯಿಸೋದು ಅದು. ಪಿಆರ್‌ಜೆ ಇಲ್ದಿದ್ರೆ ಊಹೆ ಮಾಡ್ಬೇಡಿ, ಫೈಲ್ ಕೊಟ್ಟವರನ್ನೇ ಕೇಳಿ. ಚುಕ್ಕಿಗಳಿಗೆ ಎಸ್‌ಟಿ_ಆಸ್_ಎಸ್‌ಎಫ್ ಕೊಡೋವಾಗ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ, ಬಾಯಲ್ಲಿ ಹೇಳೋ ಕ್ರಮಕ್ಕೆ ಉಲ್ಟಾ.

ಇನ್ನೊಬ್ಬರ ಪ್ರಶ್ನೆ: ನಂದೂ ಒಂದಿದೆ ಮೇಡಂ. ಜನಸಂಖ್ಯೆ ಇರೋ ಸಿಎಸ್‌ವಿ ಫೈಲ್ ಓದಿ ಜಿಲ್ಲೆ ಕೋಡ್ ಮೇಲೆ ಮ್ಯಾಪ್ ಜೊತೆ ಮರ್ಜ್ ಮಾಡ್ದೆ, ಮೊದಲ ಟೇಬಲ್‌ನ ಹೊಂದದ ಸಾಲೂ ಉಳೀಲಿ ಅಂತ ಆಲ್.ಎಕ್ಸ್ ಟ್ರೂ ಕೊಟ್ಟಿದೀನಿ, ಮೊದಲ 9 ಜಿಲ್ಲೆಗೆ ಮಾತ್ರ ಎನ್‌ಎ (ಖಾಲಿ), 10ರಿಂದ ಎಲ್ಲಾ ಸರಿ ಇದೆ. ಯಾಕೆ?

ಉತ್ತರ: ಆ 9ರಲ್ಲೇ ಉತ್ತರ ಇದೆ. ಮ್ಯಾಪ್‌ನಲ್ಲಿ ಕೋಡ್ 05 ಅಂತ ಅಕ್ಷರವಾಗಿ ಇರತ್ತೆ, ರೀಡ್.ಸಿಎಸ್‌ವಿ ಅದನ್ನ ಸಂಖ್ಯೆ ಅಂದ್ಕೊಂಡು ಮುಂದಿನ ಸೊನ್ನೆ ತಿಂದು 5 ಮಾಡಿರತ್ತೆ. ಕಾಲ್‌ಕ್ಲಾಸಸ್‌ನಲ್ಲಿ ಆ ಕಾಲಂಗೆ ಕ್ಯಾರೆಕ್ಟರ್ ಅಂತ ಕೊಟ್ಟು ಓದಿ. ಮರ್ಜ್‌ನಲ್ಲಿ ಮ್ಯಾಪನ್ನೇ ಮೊದಲು ಇಡಿ.

ಪ್ರಶ್ನೆ: ಕೂತ್ವು ಮೇಡಂ, ಚುಕ್ಕಿ ಎಲ್ಲಾ ಸರಿಯಾಗಿ ಕೂತ್ವು! ಇದನ್ನ ಟೀಂಗೆ ಕಳಿಸೋವಾಗ ಮತ್ತೆ ಶೇಪ್‌ಫೈಲೇ ಮಾಡ್ಲಾ?

ಉತ್ತರ: ಖುಷಿ ಆಯ್ತು! ಬೇಡ, ಎಸ್‌ಟಿ_ರೈಟ್‌ನಲ್ಲಿ ಹೆಸರಿನ ಕೊನೆಗೆ ಡಾಟ್ ಜಿಪಿಕೆಜಿ ಕೊಡಿ, ಜಿಯೋಪ್ಯಾಕೇಜ್ ಆಗತ್ತೆ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕಟ್ ಆಗತ್ತೆ, ಇದ್ರಲ್ಲಿ ಆ ಕಾಟ ಇಲ್ಲ, ಆಕಾರ ಟೇಬಲ್ಲು ಅಳತೆ ಪದ್ಧತಿ ಎಲ್ಲಾ ಒಂದೇ ಫೈಲಲ್ಲಿ ಇರೋದ್ರಿಂದ ಮೇಲ್ ಮಾಡೋವಾಗ ಒಂದು ಬಿಟ್ಟುಹೋಯ್ತು ಅನ್ನೋ ಮಾತೇ ಬರಲ್ಲ.