ಚರ್ಚಿನ ಸೇವೆ ವರ್ಷಗಟ್ಟಲೆ ಬಿಡದೆ ಮಾಡಿದವರು ಅನುಭವ ಹೇಳಿ

ಪ್ರಶ್ನೆ:
ನಮ್ಮದು ಬೆಂಗಳೂರಿನ ಒಂದು ಕನ್ನಡ ಧರ್ಮಕೇಂದ್ರ. ಆಗಸ್ಟ್ 29ಕ್ಕೆ ಮರಿಯಮ್ಮನವರ ಹಬ್ಬದ ಬಾವುಟ ಏರಿದಾಗಿನಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಒಂದು ದಿನವೂ ತಪ್ಪಿಸದೆ ಕೆಲಸ ಮಾಡುತ್ತೇನೆ. ಅಕ್ಟೋಬರ್ ಬಂದರೆ ಆ ಕಡೆ ತಲೆ ಹಾಕುವುದಿಲ್ಲ. ಮತ್ತೆ ಹೋಗುವುದು ಡಿಸೆಂಬರಿನಲ್ಲಿ, ಕ್ರಿಸ್ಮಸ್ ಗೋದಲಿ ಕಟ್ಟಲು. ಮೂರು ವರ್ಷದಿಂದ ಹೀಗೇ. ಆಫೀಸಿನ ಒತ್ತಡ ಇದೆ, ಆದರೆ ಅದೊಂದೇ ಕಾರಣ ಅಲ್ಲ ಅಂತ ನನಗೂ ಗೊತ್ತು. ತುಂಬಾ ವರ್ಷ ಮಾಡಿದವರು ಹೇಗೆ ಉಳಿದಿರಿ?

ಉತ್ತರ, ಮೈಸೂರು ಕಡೆಯಿಂದ:
ತಮ್ಮಾ, ಹಬ್ಬದಲ್ಲಿ ನೂರು ಜನ ಜೊತೆಗಿರುತ್ತಾರೆ, ದಣಿವೇ ಗೊತ್ತಾಗುವುದಿಲ್ಲ. ಹಬ್ಬ ಇಲ್ಲದ ತಿಂಗಳಿಗೆ ಅಂತ ಒಂದು ಚಿಕ್ಕ ಕೆಲಸ ಹಿಡಿದುಕೋ. ಹದಿನೇಳು ವರ್ಷದ ಹಿಂದೆ ನಾನು ಹಿಡಿದದ್ದು ತಿಂಗಳ ಮೊದಲ ಶುಕ್ರವಾರದ ಕೆಲಸ. ಹಾಸಿಗೆ ಹಿಡಿದವರ ಮನೆಗೆ ಫಾದರ್ ಪರಮಪ್ರಸಾದ ತೆಗೆದುಕೊಂಡು ಹೋಗುವಾಗ ಜೊತೆಗೆ ಹೋಗುವುದು, ಯಾರ ಮನೆ ಎಲ್ಲಿ, ಯಾರಿಗೆ ನುಂಗಲು ಕಷ್ಟ, ಯಾರಿಗೆ ಕಿವಿ ಕೇಳಿಸದು ಅಂತ ಮೊದಲೇ ಹೇಳುವುದು, ಅಷ್ಟೇ.

ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಸ್ಟೂಲಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೇಣದಬತ್ತಿ ಹಚ್ಚಿ ಬೆಳಿಗ್ಗೆಯೇ ಕಾಯುತ್ತಿದ್ದರು. ಒಂದು ತಿಂಗಳು ನಾನು ಹೋಗಲಿಲ್ಲ. ಮೀಟಿಂಗಿನಲ್ಲಿ ಒಬ್ಬರು ಎಲ್ಲರೆದುರು ಏನೋ ಅಂದಿದ್ದರು, ಇನ್ನು ಆ ಕಡೆ ಹೋಗುವುದೇ ಬೇಡ ಅನ್ನುವಷ್ಟು ನೊಂದಿದ್ದೆ. ಆವತ್ತು ಫಾದರ್‌ಗೆ ಗಲ್ಲಿ ಗೊತ್ತಾಗದೆ ಆ ಮನೆ ತಪ್ಪಿಹೋಯಿತು. ಮುಂದಿನ ತಿಂಗಳು ಹೋದರೆ ಅಜ್ಜಿ ಬೈಯಲಿಲ್ಲ. “ಹೋದ ಸಲ ಎರಡು ಬತ್ತಿ ಕರಗಿತವ್ವ” ಅಂದರು. ಆಮೇಲೆ ನಾನು ತಪ್ಪಿಸಿಲ್ಲ. ಮಾತಿನ ನೋವು ಆಮೇಲೂ ಆಗಿದೆ, ಫಾದರ್‌ಗಳು ವರ್ಗವಾಗಿದ್ದಾರೆ, ಹೊಸಬರಿಗೆ ನನ್ನ ಹೆಸರೂ ಗೊತ್ತಿರುವುದಿಲ್ಲ. ಮನೆಗಳು ಮಾತ್ರ ಗೊತ್ತಿರುವುದು ನನಗೇ ಅಲ್ವಾ, ಹೋಗಲೇಬೇಕು.

ಇನ್ನೊಬ್ಬರು:
ಒಬ್ಬರೇ ಹೋಗಬೇಡಿ. ನಾನು ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾಲ್ ಸಭೆ ಅನ್ನುವ ಸಂಘದಲ್ಲಿದ್ದೇನೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಶುರು ಮಾಡಿದ ಓಝಾನಮ್‌ಗೆ ಆಗ ಬರೀ ಇಪ್ಪತ್ತು ವರ್ಷ, ಜೊತೆಗಿದ್ದವರಲ್ಲಿ ಹೆಚ್ಚಿನವರೂ ಓದುವ ಹುಡುಗರೇ. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದು ನಮ್ಮಲ್ಲಿ ಈಗಲೂ ರೂಢಿ. ಇದರಿಂದ ಎಷ್ಟು ಅನುಕೂಲ ಅಂತ ಮಳೆ ಬಂದ ದಿನ ಗೊತ್ತಾಗುತ್ತದೆ. ಇವತ್ತು ಬೇಡ ಅಂತ ಸುಮ್ನೆ ಕೂತಿದ್ದಾಗ ಗೆಳೆಯನ ಸ್ಕೂಟರ್ ಹಾರ್ನ್ ಗೇಟಿನ ಹತ್ತಿರ ಕೇಳಿಸುತ್ತದೆ, ಚಪ್ಪಲಿ ಮೆಟ್ಟಲೇಬೇಕಾಗುತ್ತದೆ.

ಮತ್ತೊಬ್ಬರು:
ನನ್ನ ತಪ್ಪು ಬೇರೆ ಥರದ್ದು. ಗಾನವೃಂದ, ಧರ್ಮೋಪದೇಶದ ತರಗತಿ, ಭಾನುವಾರದ ವಾಚಕರ ಪಟ್ಟಿ, ಎಲ್ಲ ನಾನೇ ಹೊತ್ತುಕೊಂಡಿದ್ದೆ, ಯಾರಾದರೂ ಕೈ ಹಾಕಿದರೆ ಸಿಟ್ಟು ಬರುತ್ತಿತ್ತು. ಒಂದು ಪಾಸ್ಖ (ಈಸ್ಟರ್) ಹಬ್ಬ ಮುಗಿದ ಮೇಲೆ ಬಲಿಪೂಜೆಗೂ ಹೋಗಲು ಮನಸ್ಸಾಗಲಿಲ್ಲ. ವಿಮೋಚನಕಾಂಡದ 18ನೇ ಅಧ್ಯಾಯ ಓದಿ, ಮೋಶೆಗೆ ಅವನ ಮಾವ ಹೇಳುವುದು ಇದನ್ನೇ: ಒಬ್ಬನೇ ಹೊತ್ತರೆ ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ. ಎಂಟು ತಿಂಗಳು ಎಲ್ಲ ಬಿಟ್ಟು ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತೆ. ಈಗ ಮಕ್ಕಳ ತರಗತಿ ಒಂದೇ ನನ್ನದು. ಇಷ್ಟು ದಿನ ಅಂತ ಫಾದರ್‌ಗೆ ಮೊದಲೇ ಹೇಳಿ ಒಪ್ಪಿಕೊಳ್ಳಿ. ಬೇಡ ಅನ್ನಲು ನಾಚಿಕೆಪಟ್ಟರೆ ಆಮೇಲೆ ಹೇಳದೆ ಕೇಳದೆ ಮಾಯವಾಗಬೇಕಾಗುತ್ತದೆ, ನೀವು ಅಕ್ಟೋಬರಿನಲ್ಲಿ ಮಾಡುವ ಹಾಗೆ.

ಪ್ರಶ್ನೆ ಕೇಳಿದವರು:
ಅಕ್ಕಾ, ಆ ಅಜ್ಜಿ ಈಗ ಹೇಗಿದ್ದಾರೆ?

ಮೈಸೂರಿನವರು:
ತೀರಿಕೊಂಡು ಆರು ವರ್ಷ ಆಯಿತಪ್ಪ. ಸ್ಟೂಲು ಪಕ್ಕದ ಮನೆಯವರು ತೆಗೆದುಕೊಂಡರು. ಈಗ ಆ ಪಕ್ಕದ ಮನೆಯ ಯಜಮಾನರೂ ನಮ್ಮ ಪಟ್ಟಿಯಲ್ಲಿದ್ದಾರೆ, ಅದೇ ಸ್ಟೂಲಿನ ಮೇಲೆ ಬತ್ತಿ ಹಚ್ಚಿ ಇಟ್ಟಿರುತ್ತಾರೆ.